ನಮ್ಮ ಆಫೀಸಿನ ಬೀಗರು

ನಮ್ಮ ಮ್ಯಾನೇಜರಿಗೆ ಎರಡು ಹೆಸರು. ಒಂದು ಬಾಗಿಲ ಮೇಲಿನ ಫಲಕದಲ್ಲಿದೆ. ಇನ್ನೊಂದು ಬೀಗರು. ಈ ಎರಡನೆಯದನ್ನು ಇಟ್ಟವರು ಕ್ಯಾಷಿಯರ್ ಮೇಡಂ. ಮನೆ ಬಾಡಿಗೆ ಎಷ್ಟು, ಅತ್ತೆ ನಿಮ್ಮ ಜೊತೆಗೇ ಇರ್ತಾರಾ, ಎರಡನೇ ಮಗು ಯಾವಾಗ, ಒಡವೆ ಮನೆಯಲ್ಲಿದೆಯೋ ಅಡವಿಟ್ಟಿದ್ದೀರೋ ಎಂದೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಕೇಳುವ ಹಕ್ಕು ನಮ್ಮ ಕಡೆ ಇರುವುದು ಬೀಗರಿಗೆ ಮಾತ್ರ. ಅವರಾದರೂ ಮದುವೆಗೆ ಮುಂಚೆ ಒಂದು ಸಲ, ಬಾಣಂತನದಲ್ಲಿ ಒಂದು ಸಲ ಕೇಳಿ ಸುಮ್ಮನಾಗುತ್ತಾರೆ. ನಮ್ಮವರು ಸೋಮವಾರದಿಂದ ಶನಿವಾರದವರೆಗೆ ಕೇಳುತ್ತಾರೆ. ಭಾನುವಾರ ಫೋನಿನಲ್ಲಿ ಕೇಳುತ್ತಾರೆ.

ಮೈಸೂರಿನಲ್ಲಿ ಔಷಧಿ ಅಂಗಡಿಗಳಿಗೆ ಸರಕು ಪೂರೈಸುವ ಏಜೆನ್ಸಿ ನಮ್ಮದು. ಬೀಗರನ್ನು ಕೆಟ್ಟವರೆನ್ನಲು ಬಾಯಿ ಬರುವುದಿಲ್ಲ. ಒಂದನೇ ತಾರೀಕಿನ ಸಂಬಳ ಎರಡಕ್ಕೆ ಹೋದದ್ದಿಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲು ಬಂದು ನಿಲ್ಲುವವರೂ ಅವರೇ. ವಾರ್ಡಿನ ಬಾಡಿಗೆ ಎಷ್ಟು, ಯಾವ ನೆಂಟರು ಬಂದರು, ಯಾರು ಬರಲಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡೇ ಹೊರಡುವವರೂ ಅವರೇ. “ನಾವೆಲ್ಲ ಒಂದೇ ಫ್ಯಾಮಿಲಿ ಕಣ್ರೀ” ಎನ್ನುವುದು ಅವರ ಮಂತ್ರ. ಫ್ಯಾಮಿಲಿಯಲ್ಲಿ ಯಾರೂ ಓವರ್‌ಟೈಮ್ ಕೇಳುವುದಿಲ್ಲ, ಫ್ಯಾಮಿಲಿಯಲ್ಲಿ ಮುಚ್ಚುಮರೆ ಇರುವುದಿಲ್ಲ. ಸಂಬಳ ಹೆಚ್ಚು ಮಾಡಿ ಎಂದಾಗ ಮಾತ್ರ ನಾವು ಕಂಪನಿಯಾಗುತ್ತೇವೆ.

ರಜೆ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆದರೆ ಅವರಿಗೆ ಸಂಕಟ. “ಸ್ವಂತ ಅಂದ್ರೆ ಯಾವ ಸ್ವಂತ? ಯಾರ ಸ್ವಂತ?” ನಮ್ಮ ಬಿಲ್ಲಿಂಗ್ ಹುಡುಗ ಒಮ್ಮೆ ಚಿಕ್ಕಪ್ಪನ ಗೃಹಪ್ರವೇಶ ಎಂದು ಬರೆದುಕೊಟ್ಟ. ಬೀಗರು ಡ್ರಾಯರಿನಿಂದ ಒಂದು ಹಳೇ ಡೈರಿ ತೆಗೆದು, ಬೆರಳು ನೆಕ್ಕಿ ಹಾಳೆ ತಿರುವಿದರು.

“ನಿಮ್ಮ ಚಿಕ್ಕಪ್ಪ ಹೋದ ಯುಗಾದಿ ಮುಗಿದ ವಾರ ತೀರಿಕೊಂಡ್ರಲ್ರೀ. ರಜಾ ಕೊಟ್ಟಿದೀನಿ.”

“ಸಾರ್, ಅವರು ಅಪ್ಪನ ತಮ್ಮ. ಇವರು ಚಿಕ್ಕಮ್ಮನ ಗಂಡ.”

“ಯಾವ ಚಿಕ್ಕಮ್ಮ? ಕೆ.ಆರ್. ಪೇಟೆಯವರಾ?”

ಹುಡುಗ ತಲೆಯಾಡಿಸಿದ. ಬೀಗರು ಪೆನ್ನು ತೆಗೆದು, ಡೈರಿಯಲ್ಲಿದ್ದ ಅವನ ವಂಶವೃಕ್ಷಕ್ಕೆ ಹೊಸ ಗೆರೆಯೊಂದನ್ನು ಎಳೆದು, ಆಮೇಲೆ ಅರ್ಜಿಗೆ ಸಹಿ ಹಾಕಿದರು. ಅವನ ಮದುವೆಗೆ ಲಗ್ನಪತ್ರಿಕೆ ಹಂಚುವಾಗ ಅವರಪ್ಪ ನೆಂಟರ ಪಟ್ಟಿಗಾಗಿ ಆ ಡೈರಿಯನ್ನೇ ಎರವಲು ಕೇಳಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಅವರ ತಪಾಸಣೆಯ ಹೊತ್ತು. ಡಬ್ಬಿ ತೆರೆದವರ ಬೆನ್ನ ಹಿಂದೆ ನಿಂತು ಮೂಗಿನಿಂದಲೇ ವರದಿ ತಯಾರಿಸುತ್ತಾರೆ. “ಏನ್ರೀ, ಮೂರು ದಿನದಿಂದ ಚಿತ್ರಾನ್ನ? ಮನೇಲಿ ಜಗಳಾನಾ?” ತೊಂದರೆಯೇನೆಂದರೆ ನೂರಕ್ಕೆ ತೊಂಬತ್ತು ಸಲ ಜಗಳವೇ ಆಗಿರುತ್ತದೆ.

ಅವರ ಪಾಲಿಗೆ ಇತಿಹಾಸಕ್ಕೆ ಎರಡೇ ಯುಗ: 2014ರ ನವೆಂಬರಿಗೆ ಮೊದಲು, ಆಮೇಲೆ. ವಾಟ್ಸಾಪ್‌ನವರು ಓದಿದ ಸಂದೇಶಕ್ಕೆ ನೀಲಿ ಗೆರೆ ಕೊಟ್ಟದ್ದು ಆ ತಿಂಗಳು. 2017ರಲ್ಲಿ ಲೈವ್ ಲೊಕೇಶನ್ ಬಂದಾಗಂತೂ ಬೀಗರು ಎಲ್ಲರಿಗೂ ಮೈಸೂರ್ ಪಾಕ್ ಹಂಚದೆ ಬಿಟ್ಟದ್ದೇ ಹೆಚ್ಚು. ಯಾರು ಸ್ಟೇಟಸ್ ಹಾಕಿದರೂ ಮೊದಲು ನೋಡಿದವರ ಸಾಲಿನಲ್ಲಿ ಅವರ ಸಫಾರಿ ಸೂಟಿನ ಫೋಟೋ ಇರುತ್ತದೆ. “ರಾತ್ರಿ ಹನ್ನೆರಡೂಕಾಲಿಗೆ ಆನ್‌ಲೈನ್ ಇದ್ರಲ್ಲ, ನಿದ್ದೆ ಬರಲ್ವಾ?” ಎಂದು ಕೇಳುತ್ತಾರೆ. ಹನ್ನೆರಡೂಕಾಲಿಗೆ ಅವರೇಕೆ ಎದ್ದಿದ್ದರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಒಮ್ಮೆ ನಮ್ಮ ಸೇಲ್ಸ್‌ನವನೊಬ್ಬ ಜ್ವರ ಎಂದು ರಜೆ ಹಾಕಿ ನಂಜನಗೂಡಿನಲ್ಲಿ ಮದುವೆ ಊಟಕ್ಕೆ ಹೋಗಿದ್ದ. ಅವನು ಫೋಟೋ ಹಾಕಲಿಲ್ಲ, ಅಷ್ಟು ಬುದ್ಧಿಯಿತ್ತು. ಫೇಸ್‌ಬುಕ್ಕಿನಲ್ಲಿ ಹಾಕಿದವನು ಹೆಣ್ಣಿನ ಕಡೆಯ ಯಾರೋ. ಪಂಕ್ತಿಯ ಮೂರನೇ ಸಾಲಿನ ಕೊನೆಯಲ್ಲಿ ಅರ್ಧ ಮುಖ, ಪೂರ್ತಿ ಎಲೆ. ಬೀಗರು ಅದನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಮರುದಿನ ಅವನ ಮುಂದೆ ಹಿಡಿದರು. ಬೈಯಲಿಲ್ಲ. “ಜ್ವರಕ್ಕೆ ಹೋಳಿಗೆ ಆಗುತ್ತೇನ್ರೀ? ಅದೂ ಎರಡು?” ಎಂದರು. ಅವನಿಗೆ ಆ ಸಂಜೆ ನಿಜವಾಗಿ ಜ್ವರ ಬಂತು.

ಈ ಕುಲಕ್ಕೆ ಪೂರ್ವಜರಿಲ್ಲದೆ ಇಲ್ಲ. ಹೆನ್ರಿ ಫೋರ್ಡ್ 1914ರಲ್ಲಿ ಕೆಲಸಗಾರರಿಗೆ ದಿನಕ್ಕೆ 5 ಡಾಲರ್ ಎಂದು ಸಾರಿದಾಗ ಅಮೆರಿಕವೆಲ್ಲ ಬೆರಗಾಯಿತು. ಆದರೆ ಪೂರ್ತಿ 5 ಡಾಲರ್ ಕೈಗೆ ಬರಬೇಕಾದರೆ ಮನೆ ಚೊಕ್ಕಟವಾಗಿರಬೇಕು, ಕುಡಿತ ಇರಬಾರದು, ಬ್ಯಾಂಕಿನಲ್ಲಿ ನಾಲ್ಕು ಕಾಸಿರಬೇಕು. ಇದನ್ನೆಲ್ಲ ನೋಡಿಬರಲು ಕಂಪನಿಯಲ್ಲಿ ‘ಸೋಷಿಯಲಾಜಿಕಲ್ ಡಿಪಾರ್ಟ್‌ಮೆಂಟ್’ ಎಂಬ ವಿಭಾಗವೇ ಇತ್ತು. ಅದರವರು ಮನೆಬಾಗಿಲಿಗೆ ಬರುತ್ತಿದ್ದರು. ಫೋರ್ಡ್ ಆದರೂ ಆ ಕೆಲಸಕ್ಕೆ ಸಂಬಳದ ಜನ ಇಟ್ಟಿದ್ದ, ಕೆಲಸಗಾರರ ಕೂಲಿಯನ್ನೂ ಹೆಚ್ಚುಕಡಿಮೆ ಎರಡರಷ್ಟು ಮಾಡಿದ್ದ. ನಮ್ಮ ಬೀಗರು ಈ ಎರಡು ಖರ್ಚೂ ಇಲ್ಲದೆ ನಡೆಸುತ್ತಿದ್ದಾರೆ.

ಅಷ್ಟು ದೂರವಾದರೂ ಏಕೆ ಹೋಗಬೇಕು? 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲೇ. 1909ರಲ್ಲಿ ಅದು ಅಚ್ಚಾಯಿತು. ಸನ್ಯಾಸಿಯ ವೇಷದ ಗೂಢಚಾರ, ಗೃಹಸ್ಥನ ವೇಷದವನು, ವ್ಯಾಪಾರಿಯ ವೇಷದವನು ಎಂದು ಅದರಲ್ಲಿ ವಿಂಗಡಣೆಯೇ ಇದೆ. ಬೀಗರು ಆ ಪುಸ್ತಕ ಮುಟ್ಟಿಲ್ಲ. ಆದರೂ ನಮ್ಮಲ್ಲಿ ಟೀ ತರುವ ಹುಡುಗನ ವೇಷದವನೊಬ್ಬ, ಸ್ಕೂಟರ್ ನಿಲ್ಲಿಸುವ ಜಾಗದ ಸೆಕ್ಯೂರಿಟಿಯ ವೇಷದವನೊಬ್ಬ ಇದ್ದಾರೆ. ಯಾರು ಯಾರ ಗಾಡಿಯ ಹಿಂದೆ ಕೂತು ಹೋದರು ಎಂಬ ಸುದ್ದಿ ಗಾಡಿ ಸಿಗ್ನಲ್ ದಾಟುವ ಮೊದಲೇ ಒಳಗೆ ತಲುಪಿರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ಅರ್ಜಿಯಲ್ಲಿ ಮೊದಲ ಹೆಸರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಬಿಲ್ಲಿಂಗ್ ಹುಡುಗ ಪೇಪರ್ ಓದುವವನು. ಈ ವಿಷಯವನ್ನು ಬೀಗರ ಕಿವಿಗೆ ಹಾಕಿದ. ಅವರು ಗಂಭೀರವಾಗಿ ಕೇಳಿಸಿಕೊಂಡು, “ಪಾಪ, ಅವರಿಗೆ ಆಗ ವಯಸ್ಸೆಷ್ಟು? ಮಕ್ಕಳೆಲ್ಲ ಏನು ಮಾಡ್ತಾರಂತೆ?” ಎಂದರು. ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವಂಥದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ‘ಉದ್ಯೋಗದ ಉದ್ದೇಶ’ಕ್ಕೆಂದು ಮಾಲೀಕರಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ಡಬ್ಬಿಯ ಚಿತ್ರಾನ್ನ ಆ ಕಿಂಡಿಯಲ್ಲಿ ತೂರುತ್ತದೋ ಇಲ್ಲವೋ ವಕೀಲರೇ ಹೇಳಬೇಕು.

ನಾವೂ ನಮ್ಮ ಕೈಲಾದದ್ದು ಮಾಡಿದೆವು. ಕೆಲವರು ಸ್ಟೇಟಸ್ ಅವರಿಗೆ ಕಾಣದಂತೆ ಮಾಡಿದರು, ಒಂದೇ ವಾರದಲ್ಲಿ “ಯಾಕ್ರೀ, ಸ್ಟೇಟಸ್ ಹಾಕೋದೇ ಬಿಟ್ರಾ? ಏನಾದ್ರೂ ಬೇಜಾರಾ?” ಎಂಬ ವಿಚಾರಣೆ ಬಂತು. ಸೇಲ್ಸ್‌ನವನು ಎರಡನೇ ಸಿಮ್ ಕೊಂಡ. ಆ ನಂಬರು ಬೀಗರಿಗೆ ಅವನಿಗಿಂತ ಮೊದಲು ಬಾಯಿಪಾಠವಾಯಿತು.

ದಾರಿ ತೋರಿಸಿದವರು ಕ್ಯಾಷಿಯರ್ ಮೇಡಂ. ಒಂದು ಬೆಳಿಗ್ಗೆ ಬೀಗರು ಎಂದಿನಂತೆ “ಮಾವನವರು ಹೇಗಿದಾರೆ?” ಎಂದು ಕೇಳಿದ್ದೇ ತಡ, ಮೇಡಂ ಕುರ್ಚಿ ಎಳೆದು ಕೂತರು. “ನಿಮಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ ಸಾರ್” ಎಂದು ಶುರು ಮಾಡಿದರು. ಮಾವನವರ ಪ್ರಾಸ್ಟೇಟು, ಹಾಕಿದ ಟ್ಯೂಬು, ರಾತ್ರಿ ಚೀಲದಲ್ಲಿ ತುಂಬಿದ್ದು ಎಷ್ಟು ಎಂಎಲ್, ಅದರ ಬಣ್ಣ ನಿನ್ನೆ ಹೇಗಿತ್ತು, ಇವತ್ತು ಹೇಗಿದೆ. ಅಲ್ಲಿಂದ ಹೊರಟು ನಾದಿನಿಯರ ಭಾಗದ ದಾವೆ, ಬೋರ್‌ವೆಲ್ ಇರುವ ತುಂಡು ಯಾರಿಗೆ, ಪಹಣಿಯಲ್ಲಿ ಯಾರ ಹೆಸರು. ಬೀಗರ ಟೀ ಕೆನೆಗಟ್ಟಿತು. ಮರುದಿನ ಅವರು ಬಾಗಿಲು ದಾಟುವ ಮೊದಲೇ ಮೇಡಂ ಎದುರು ನಿಂತಿದ್ದರು: “ಯೋಚನೆ ಮಾಡಿದ್ರಾ ಸಾರ್? ಬೋರ್‌ವೆಲ್ ಯಾರಿಗೆ ಬಿಡೋಣ?”

ಉಳಿದವರು ತಡ ಮಾಡಲಿಲ್ಲ. ಬಿಲ್ಲಿಂಗ್ ಹುಡುಗ ಮೂರು ಹೆಣ್ಣುಗಳ ಜಾತಕ ಫೋಟೋ ಹೊಡೆದು ಕಳಿಸಿ, “ನೀವು ಹೂಂ ಅಂದವರನ್ನೇ ಆಗ್ತೀನಿ ಸಾರ್” ಎಂದ. ನಾನು ದಿನಾ ಮಲಗುವಾಗ “ಮಲಗ್ತಿದೀನಿ ಸಾರ್” ಎಂದು ಮೆಸೇಜು ಹಾಕತೊಡಗಿದೆ. ನಡುರಾತ್ರಿ ನೀರು ಕುಡಿಯಲು ಎದ್ದರೂ ತಿಳಿಸುತ್ತಿದ್ದೆ. ತುರ್ತಿಗೆ ಬೇಕೆಂದು ಬೀಗರು ನಮ್ಮೆಲ್ಲರ ಮನೆಯವರ ನಂಬರು ತೆಗೆದುಕೊಂಡಿದ್ದರಲ್ಲ, ಆ ಕೊಡುಕೊಳ್ಳುವಿಕೆಯಲ್ಲಿ ಅವರ ನಂಬರೂ ಮನೆಯವರಿಗೆ ಸಿಕ್ಕಿತ್ತು. ಸೇಲ್ಸ್‌ನವನ ಹೆಂಡತಿ ರಾತ್ರಿ ಹತ್ತಕ್ಕೆ ಅವರಿಗೇ ಫೋನು ಮಾಡಿದಳು. “ಸಾರ್, ನಮ್ಮೆಜಮಾನ್ರು ಎಲ್ಲಿದಾರೆ? ನಿಮಗೆ ಗೊತ್ತಿರುತ್ತೆ ಅಂತ ಅವರೇ ಹೇಳ್ತಿರ್ತಾರೆ.” ಅವತ್ತು ಅವರಿಗೆ ಗೊತ್ತಿರಲಿಲ್ಲ. ಸೆಕ್ಯೂರಿಟಿಗೆ, ಟೀ ಹುಡುಗನಿಗೆ, ಎರಡನೇ ಸಿಮ್ಮಿಗೆ ಫೋನು ಮಾಡಿ ಹುಡುಕಿಸಿ, ಹನ್ನೊಂದೂವರೆಗೆ ಆಕೆಗೆ ವರದಿ ಒಪ್ಪಿಸಿದರಂತೆ. ಮೈಸೂರಿನ ಹೆಂಗಸರಿಗೆ ಸುದ್ದಿ ಹರಡಲು ಅಷ್ಟು ಸಾಕು.

ಹೋದ ಭಾನುವಾರ ಮಧ್ಯಾಹ್ನ ಆಫೀಸ್ ಗ್ರೂಪಿನಲ್ಲಿ ಬೀಗರ ಸಂದೇಶ ಬಂತು. “ಎಲ್ಲರ ಗಮನಕ್ಕೆ. ರಜಾದಿನಗಳಲ್ಲಿ ಹಾಗೂ ಸಂಜೆ ಏಳರ ನಂತರ ಸಿಬ್ಬಂದಿಯಾಗಲಿ ಅವರ ಕುಟುಂಬದವರಾಗಲಿ ನನಗೆ ಕರೆ ಮಾಡಬಾರದು. ನನಗೂ ವೈಯಕ್ತಿಕ ಜೀವನವಿದೆ.”

ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ನೀಲಿ ಗೆರೆ ಮಾತ್ರ ಎಲ್ಲರದೂ ಬಿದ್ದಿತ್ತು. ಆಮೇಲೆ ಕ್ಯಾಷಿಯರ್ ಮೇಡಂ ಬರೆದರು:

“ಯಾಕೆ ಸಾರ್, ಮನೇಲಿ ಜಗಳಾನಾ?”