ಕಾಕಾನ ಮುಂದೆ ಯಾವ ಚಾಂಪಿಯನ್ನೂ ನಿಲ್ಲುವುದಿಲ್ಲ

ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಕಲಬುರಗಿ, ಬೀದರ, ರಾಯಚೂರಿನ ಕಡೆಯಿಂದ ಬಂದು ನೆಲೆನಿಂತವರು. ಅಂಥಲ್ಲಿ ಒಬ್ಬರಾದರೂ ಕಾಕಾ ಇದ್ದೇ ಇರುತ್ತಾರೆ. ಮನೆಯವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ನೌಕರಿಯಿಂದ ನಿವೃತ್ತರಾಗಿದ್ದಾರೆ, ಅಭಿಪ್ರಾಯ ಕೊಡುವುದರಿಂದ ಇನ್ನೂ ಆಗಿಲ್ಲ. ಸಂಜೆಯಾದರೆ ಇರಾನಿ ಹೋಟೆಲಿನ ಮೂಲೆಯ ಮೇಜು, ಒಂದು ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು. ಬಿಸ್ಕತ್ತನ್ನು ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗೆ ಸೇರಿಸಿ, ಆ ಗೆಲುವಿನ ಹುರುಪಿನಲ್ಲೇ ತೀರ್ಪು ಕೊಡುತ್ತಾರೆ: "ಓವರ್‌ರೇಟೆಡ್ ಅದಾಳ್ರೀ!"

ತೀರ್ಪು ಬಾಕ್ಸರ್ ನಿಖತ್ ಜರೀನ್ ಮೇಲೆ. ನಿಜಾಮಾಬಾದಿನ ಈ ಹುಡುಗಿ 2022ರಲ್ಲಿ ಇಸ್ತಾಂಬುಲ್‌ಗೆ ಹೋಗಿ, ಫೈನಲ್‌ನಲ್ಲಿ ಥಾಯ್ಲೆಂಡಿನ ಎದುರಾಳಿಯನ್ನು 5-0ಯಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ. 2023ರಲ್ಲಿ ದೆಹಲಿಯಲ್ಲಿ ಮತ್ತೆ ವಿಶ್ವ ಚಾಂಪಿಯನ್, ಫೈನಲ್‌ನಲ್ಲಿ ಮತ್ತೆ 5-0.

"ಅಲ್ರೀ, ಹೊಡದಿದ್ದು ಬರೇ ಐದು ಏಟು. ಅದಕ್ಕ ಇಷ್ಟು ಮೆರವಣಿಗೀನಾ?"

ಪಕ್ಕದ ಮೇಜಿನ ಕಾಲೇಜು ಹುಡುಗನಿಗೆ ತಡೆಯಲಾಗಲಿಲ್ಲ. "ಕಾಕಾ, ಅವು ಏಟಲ್ಲ. ಐದು ಮಂದಿ ಜಡ್ಜ್ ಇರ್ತಾರ. ಐದೂ ಮಂದಿ ಈಕೀನೇ ಗೆದ್ದಾಳ ಅಂದಾರ."

ಕಾಕಾ ಸಾಸರಿಗೆ ಚಹಾ ಸುರುವಿಕೊಂಡರು. "ಅದಕ್ಕೇ ನನಗ ಡೌಟು. ನಮ್ಮ ಮನ್ಯಾಗ ಮೂರೇ ಮಂದಿ ಇದ್ದೀವಿ, ಸಾರಿಗೆ ಉಪ್ಪು ಎಷ್ಟಂತ ಇವತ್ತಿಗೂ ಒಮ್ಮತ ಇಲ್ಲ."

ಎರಡನೆಯ ಆರೋಪ ತೂಕದ್ದು. ಮೊದಲ ಪಟ್ಟ 52 ಕೆ.ಜಿ.ಯಲ್ಲಿ, ಎರಡನೆಯದು 50ರಲ್ಲಿ. "ತೂಕ ಇಳಿಸಿಕೊಂಡು ಸಣ್ಣ ಹುಡುಗ್ಯಾರ ಜೋಡಿ ಆಡ್ತಾಳ!" ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 52 ಕೆ.ಜಿ. ವಿಭಾಗವೇ ಇರಲಿಲ್ಲ, 50ಕ್ಕೆ ಇಳಿಯಬೇಕು, ಇಲ್ಲವೇ 54ಕ್ಕೆ ಏರಬೇಕಿತ್ತು ಎಂದು ಹುಡುಗ ಹೇಳಿದ. ಎರಡು ಕೆ.ಜಿ. ಇಳಿಸಿ ಎಂದು ಡಾಕ್ಟರು ಕಾಕಾಗೂ ಎಂದೋ ಹೇಳಿದ್ದಾರೆ. ಕಾಕಾ ಎರಡನೆಯ ಬಿಸ್ಕತ್ತು ಅದ್ದಿದರು.

ಮೇರಿ ಕೋಮ್ ಹೆಸರು ಬರದೆ ವಾದ ಮುಗಿಯುವುದಿಲ್ಲ. 2019ರ ಡಿಸೆಂಬರಿನಲ್ಲಿ, ಟೋಕಿಯೊ ಅರ್ಹತಾ ಪಂದ್ಯಗಳಿಗೆ ನಡೆದ ಟ್ರಯಲ್‌ನಲ್ಲಿ ಮೇರಿ 9-1ರಿಂದ ನಿಖತ್‌ಳನ್ನು ಸೋಲಿಸಿದ್ದರು. "ಚಾಂಪಿಯನ್ ಅಂದ್ರ ಮೇರಿ!" ಎನ್ನುತ್ತಾರೆ ಕಾಕಾ. ಆದರೆ ಹಳಬರಿಗೆ ನೆನಪಿದೆ: ಮೇರಿ ಆರು ಸಲ ವಿಶ್ವ ಚಾಂಪಿಯನ್ ಆದ ಕಾಲಕ್ಕೆ ಇದೇ ಮೇಜಿನ ಮೇಲೆ ಅವರೂ ಓವರ್‌ರೇಟೆಡ್ ಆಗಿದ್ದರು. ಕಾಕಾನಿಂದ ಹೊಗಳಿಕೆ ಪಡೆಯಬೇಕಾದರೆ ಆಟದಲ್ಲಿ ಗೆದ್ದರೆ ಸಾಲದು, ಮೊದಲು ಆಟ ಬಿಡಬೇಕು. ಆಗ ಮುಂದಿನವರ ತಲೆಗೆ ಹೊಡೆಯಲು ನಿಮ್ಮ ಹೆಸರು ಉಪಯೋಗಕ್ಕೆ ಬರುತ್ತದೆ.

2024ರ ಪ್ಯಾರಿಸ್ಸಿನಲ್ಲಿ ನಿಖತ್ ಎರಡನೆಯ ಪಂದ್ಯದಲ್ಲೇ ಚೀನಾದ ವು ಯು ಎದುರು ಸೋತಾಗ ಕಾಕಾಗೆ ಹಬ್ಬ. "ನಾ ಹೇಳಿದ್ದಿಲ್ಲೇನು?" ಅದೇ ವು ಯು ಕೊನೆಗೆ ಚಿನ್ನ ಗೆದ್ದಳು. ಆ ಸುದ್ದಿ ಬಂದ ಸಂಜೆ ಕಾಕಾ ಮಾತನಾಡಿದ್ದು ಮಳೆಯ ಬಗ್ಗೆ. ಮುಂದಿನ ತಿಂಗಳೇ ತೆಲಂಗಾಣ ಸರ್ಕಾರ ನಿಖತ್‌ಗೆ ಡಿಎಸ್‌ಪಿ ಹುದ್ದೆ ಕೊಟ್ಟಿತು. ಮೂವತ್ತು ವರ್ಷ ಫೈಲು ಹೊತ್ತು ಒಂದೇ ಪ್ರಮೋಷನ್ ಕಂಡವರಿಗೆ ಅದು ಪ್ಯಾರಿಸ್ಸಿಗಿಂತ ದೊಡ್ಡ ಸುದ್ದಿ. "ಗುದ್ದೋದು ಬಂದ್ರ ಡಿಎಸ್‌ಪಿ ಏನ್ರೀ?"

ಮೊನ್ನೆ ಬೆಂಗಳೂರಿನ ನೆಂಟರೊಬ್ಬರು ಇದೇ ಮೇಜಿಗೆ ಬಂದು, ಕಾಕಾನನ್ನು ಮೆಚ್ಚಿಸಲೆಂದೇ, "ನಿಮ್ಮ ನಿಖತ್ ಅಂಥ ದೊಡ್ಡ ಬಾಕ್ಸರ್ ಏನಲ್ಲ ಬಿಡಿ" ಅಂದರು. ಕಾಕಾ ಕಪ್ಪು ಕೆಳಗಿಟ್ಟರು.

"ಏನಂದ್ರಿ? ಎರಡು ಸಲ ವರ್ಲ್ಡ್ ಚಾಂಪಿಯನ್ ರೀ! ಎರಡೂ ಫೈನಲ್ಲು ಐದು-ಸೊನ್ನಿ! ಐದು ಅಂದ್ರ ಏಟಂತ ತಿಳದೀರೇನು? ಐದೂ ಜಡ್ಜು ರೀ, ಜಡ್ಜು!"

ಹುಡುಗ ನಕ್ಕ. ನೆಂಟರು ಕ್ಷಮೆ ಕೇಳಿದರು.

ಕಾಚಿಗುಡದ ಕಡೆ ಹೋದರೆ ಕಾಕಾನ ಜೊತೆ ಧಾರಾಳವಾಗಿ ಚಹಾ ಕುಡಿಯಿರಿ. ವಾದಕ್ಕೆ ಮಾತ್ರ ಇಳಿಯಬೇಡಿ, ಅವರ ಮಾತನ್ನು ಒಪ್ಪಲೂ ಹೋಗಬೇಡಿ. ಎರಡರಲ್ಲೂ ಸೋಲು ನಿಮ್ಮದೇ, ಬಿಲ್ಲೂ ನಿಮ್ಮದೇ.