ಬೇಗಲ್‌ಗೆ ಚೀಸ್ ಸವರಿದರೆ ಮುಸುರೆ

ಹುರಿಗಾಳು ತಿಂದರೆ ಮಡಿಗೆ ಭಂಗವಿಲ್ಲ, ಅನ್ನದ ಒಂದು ಅಗುಳು ತಾಗಿತೋ ಮುಸುರೆ ಎಂದು ಅಡುಗೆಮನೆ ಬಾಗಿಲಲ್ಲಿ ಕೂತು ಕಾಯುವ ಅಜ್ಜಿಯರು ನಮ್ಮಲ್ಲಿ ಮಾತ್ರ ಇದ್ದರು ಅಂದುಕೊಂಡರೆ ಅಮೆರಿಕದ ಎನ್‌ಸಿಎಎಗೆ ಅನ್ಯಾಯ ಮಾಡಿದಂತಾಗುತ್ತದೆ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ಆಳುವ ಈ ಸಂಸ್ಥೆಯ ನಿಯಮಪುಸ್ತಕದ ಪ್ರಕಾರ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ಆಟಗಾರ ಹುಡುಗರಿಗೆ ಕಾಲೇಜು ಕೊಡಬಹುದಾದ ತಿಂಡಿ ಬಹುಕಾಲ ಮೂರೇ ಆಗಿತ್ತು: ಹಣ್ಣು, ಬಾದಾಮಿ-ಗೋಡಂಬಿಯಂಥವು, ಮತ್ತು ಬೇಗಲ್ ಎಂಬ ನಡುವೆ ತೂತಿರುವ ಬ್ರೆಡ್ಡು. ಒಣ ಬ್ರೆಡ್ಡು. ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಅದು ತಿಂಡಿಯಲ್ಲ, ಊಟ. ಊಟವೆಂದರೆ ಅಕ್ರಮ ಲಾಭ. ಆಟಕ್ಕೆ ಪ್ರತಿಫಲ ಪಡೆಯಬಾರದೆಂಬ ಹುಡುಗನ ಹವ್ಯಾಸಿತನದ ಮಡಿ ಅಲ್ಲಿಗೆ ಕೆಟ್ಟಿತು. ಚಾಕುವಿನ ತುದಿಯಲ್ಲಿ ಎಷ್ಟು ಚೀಸ್ ಇದ್ದರೆ ದೋಷ ತಟ್ಟುತ್ತದೆ ಎಂದು ಚಿಂತಿಸಿ ಚಿಂತಿಸಿ, 2014ರಲ್ಲಿ ಅಂತೂ ಹುಡುಗರು ಹೊಟ್ಟೆ ತುಂಬ ತಿನ್ನಬಹುದು ಎಂದು ಹಿರಿಯರು ಅಪ್ಪಣೆ ಕೊಟ್ಟರು.

ಆ ಕ್ರೀಡೆಗಳಲ್ಲಿ ನಾನು ಹೇಳಹೊರಟಿರುವುದು ಫುಟ್‌ಬಾಲ್ ಬಗ್ಗೆ. ಇದು ಮೆಸ್ಸಿ, ಛೆಟ್ರಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಓಡಬೇಕು, ಹನ್ನೊಂದು ಜನ ಅವನ ಮೇಲೆ ಬಿದ್ದು ಕೆಡವಬೇಕು. ಈ ಆಟದ ಬೀಜ ಮೊಳೆಯುವುದು ಹೈಸ್ಕೂಲಿನಲ್ಲಿ, ಹೈಸ್ಕೂಲ್ ಫುಟ್‌ಬಾಲಿನ ಪುಣ್ಯಕ್ಷೇತ್ರ ಟೆಕ್ಸಸ್. ಅಲ್ಲಿ ಶುಕ್ರವಾರ ಸಂಜೆಯಾದರೆ ಊರಿಗೆ ಊರೇ ಶಾಲೆಯ ಕ್ರೀಡಾಂಗಣದಲ್ಲಿರುತ್ತದೆ.

ಡಾಲಸ್‌ನ ಉತ್ತರಕ್ಕೆ ಅಲನ್ ಎಂಬ ಊರಿನಲ್ಲಿ ನನ್ನ ಚಿಕ್ಕಪ್ಪನ ಮಗ ಮನೆ ಮಾಡಿದ್ದಾನೆ. ಹಾಸನದಲ್ಲಿ ಓದಿ, ಬೆಂಗಳೂರಿನಲ್ಲಿ ಕೋಡ್ ಬರೆದು, ಅಲ್ಲಿಗೆ ಹೋದವನು. "ಒಳ್ಳೇ ಸ್ಕೂಲ್ ಡಿಸ್ಟ್ರಿಕ್ಟ್ ಅಣ್ಣಾ, ಅದಕ್ಕೇ ಇಲ್ಲಿ ತಗೊಂಡೆ" ಅಂದ. ಸ್ಕೂಲು ಎಷ್ಟು ಒಳ್ಳೆಯದೆಂದರೆ, ಅದರ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 18,000 ಜನ ಕೂರಬಹುದು. ಖರ್ಚು ಸುಮಾರು 6 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 300 ಕೋಟಿ ರೂಪಾಯಿಗೂ ಮೇಲೆ. ಬಾಂಡ್ ಎತ್ತಬೇಕೆಂದು 2009ರಲ್ಲಿ ಊರವರೇ ಮತ ಹಾಕಿದರು. 2012ರಲ್ಲಿ ಉದ್ಘಾಟನೆಯಾಯಿತು. 2014ರ ಫೆಬ್ರವರಿಯಲ್ಲಿ ಕಾಂಕ್ರೀಟಿನಲ್ಲಿ ಬಿರುಕು ಕಂಡು ಬೀಗ ಬಿತ್ತು. ಎರಡೇ ವರ್ಷಕ್ಕೆ! ಇದನ್ನು ಕೇಳಿ ನಮ್ಮ ಲೋಕೋಪಯೋಗಿ ಇಲಾಖೆಯವರಿಗೆ ಎಷ್ಟು ಸಮಾಧಾನವಾಗಬೇಡ. ಆ ವರ್ಷ ಅಲನ್ ಹುಡುಗರು ಊರೂರು ಅಲೆದು ಆಡಿದರು, ಆಡಿ ರಾಜ್ಯ ಚಾಂಪಿಯನ್ನರೂ ಆದರು. ಕ್ರೀಡಾಂಗಣವಿಲ್ಲದೆಯೂ ಗೆಲ್ಲಬಹುದು ಎಂಬ ಈ ಅಪಾಯಕಾರಿ ಸಂಗತಿಯನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಪಕ್ಕದ ಮೆಕಿನಿ ಊರಿನವರು 7 ಕೋಟಿ ಡಾಲರ್ ಸುರಿದು ತಮ್ಮದೂ ಒಂದು ಕಟ್ಟಿದರು. ನನ್ನ ತಮ್ಮನಿಗೆ ಇನ್ನೂ ಗ್ರೀನ್ ಕಾರ್ಡೇ ಬಂದಿಲ್ಲ. ಮನೆ ತೆರಿಗೆಯಲ್ಲಿ ಬಾಂಡಿನ ಪಾಲು ಕಟ್ಟುವ ಹಕ್ಕು ಅವನಿಗುಂಟು, ಬಾಂಡ್ ಬೇಕೋ ಬೇಡವೋ ಎಂದು ಮತ ಹಾಕುವ ಹಕ್ಕಿಲ್ಲ.

ಇನ್ನು ಅಭ್ಯಾಸದ ನಿಯಮಗಳು. ಟೆಕ್ಸಸ್‌ನ ಶಾಲಾ ಆಟಗಳನ್ನು ನಡೆಸುವ ಯುಐಎಲ್ ಹೇಳುವಂತೆ, ಶಾಲೆ ನಡೆಯುವ ವಾರದಲ್ಲಿ ತರಗತಿಯ ಹೊರಗಿನ ಅಭ್ಯಾಸ 8 ಗಂಟೆ ಮೀರಕೂಡದು. ಅದಕ್ಕೇ ತರಗತಿಯ ಒಳಗೇ, ಗಣಿತಕ್ಕೂ ಇತಿಹಾಸಕ್ಕೂ ನಡುವೆ, ಅಥ್ಲೆಟಿಕ್ಸ್ ಎಂಬ ಪೀರಿಯಡ್ ಇಟ್ಟಿದ್ದಾರೆ. ಆ ಗಂಟೆ ಈ ಎಂಟರಲ್ಲಿ ಸೇರುವುದಿಲ್ಲ. ಬೇಸಿಗೆಯ ಕಸರತ್ತು ಕಡ್ಡಾಯವಲ್ಲ, ಇಷ್ಟವಿದ್ದವರು ಬರಬಹುದು. ಇಷ್ಟವಿಲ್ಲದವರು ಯಾರು ಯಾರೆಂದು ಮಾತ್ರ ಕೋಚ್‌ಗೆ ನೆನಪಿರುತ್ತದೆ. ಮೈಗೆ ಮೈ ಹೊಡೆಸಿ ಆಡುವ ಅಭ್ಯಾಸ ಒಬ್ಬ ಹುಡುಗನಿಗೆ ವಾರಕ್ಕೆ ಇಂತಿಷ್ಟೇ ನಿಮಿಷ, ಅದನ್ನು ದಾಟಬಾರದು. ತಲೆಗೆ ಪೆಟ್ಟು ಬಿದ್ದರೆ ಮಿದುಳಿಗೆ ಕೇಡು ಎಂದು ಗೊತ್ತಾದ ಮೇಲೆ ಬಂದ ನಿಯಮ, ಒಳ್ಳೆಯದೇ. ಆದರೆ ಶುಕ್ರವಾರ ರಾತ್ರಿ, ಟಿಕೆಟ್ ಮಾರಿದ ಮೇಲೆ, ಈ ಮಿತಿ ಲೆಕ್ಕಕ್ಕಿಲ್ಲ. ಪ್ರೇಕ್ಷಕರ ಎದುರು ಬಿದ್ದ ಪೆಟ್ಟು ಮಿದುಳಿಗೆ ತಾಗುವುದಿಲ್ಲ ಎಂಬುದು ವೈದ್ಯಲೋಕಕ್ಕೆ ಟೆಕ್ಸಸ್‌ನ ಕೊಡುಗೆ ಇರಬೇಕು.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಸತ್ತ ಆಟಗಾರರ ಮಿದುಳುಗಳನ್ನು ಕೊಯ್ದು ನೋಡಿದರು. ವೃತ್ತಿಪರರ 111 ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಎಂಬ, ಮಿದುಳನ್ನು ಮೆಲ್ಲಗೆ ತಿನ್ನುವ ರೋಗದ ಗುರುತಿತ್ತು. ಹೈಸ್ಕೂಲಿನವರೆಗೆ ಮಾತ್ರ ಆಡಿದವರ 14ರಲ್ಲಿ ಮೂರು. ಅನುಮಾನವಿದ್ದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಚ್ಚುವಂತಿಲ್ಲ. ಹಚ್ಚದೆಯೂ ಸಾಕಷ್ಟು ಭಯವಾಗುತ್ತದೆ.

ಮಿದುಳಿನ ಇನ್ನೊಂದು ಉಪಯೋಗದ ಕಡೆಗೂ ಟೆಕ್ಸಸ್ ಒಮ್ಮೆ ಗಮನ ಕೊಟ್ಟಿತ್ತು. 1984ರಲ್ಲಿ, ರಾಸ್ ಪೆರೊ ಎಂಬ ಸಿರಿವಂತ ಉದ್ಯಮಿಯ ಸಮಿತಿ ಕೂತು, ಪಾಸಾಗದವನಿಗೆ ಆಟವಿಲ್ಲ ಎಂದು ಶಿಫಾರಸು ಮಾಡಿತು. ಯಾವ ವಿಷಯದಲ್ಲಾದರೂ 70ಕ್ಕಿಂತ ಕಡಿಮೆ ಬಂದರೆ ಆರು ವಾರ ಮೈದಾನದ ಹೊರಗೆ. ಗವರ್ನರ್ ಮಾರ್ಕ್ ವೈಟ್ ಅದನ್ನು ಕಾನೂನು ಮಾಡಿದರು. ಕೋಚ್‌ಗಳು ಉರಿದುಬಿದ್ದರು. ಶಾಲೆಯಲ್ಲಿ ಪಾಠ ಓದಬೇಕು ಎಂಬ ಈ ವಿಪರೀತ ವಿಚಾರಕ್ಕೆ ಊರೂರಲ್ಲಿ ವಿರೋಧ ಎದ್ದಿತು. 1986ರ ಚುನಾವಣೆಯಲ್ಲಿ ವೈಟ್ ಸೋತರು, ಸೋಲಿಗೆ ಇದೂ ಒಂದು ಕಾರಣವೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಗೆದ್ದವರು ಬಿಲ್ ಕ್ಲೆಮೆಂಟ್ಸ್. ಡಾಲಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ಎಸ್‌ಎಂಯು, ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು. ಅವರು ಗವರ್ನರ್ ಗಾದಿ ಏರಿದ ಮರುತಿಂಗಳೇ, 1987ರ ಫೆಬ್ರವರಿಯಲ್ಲಿ, ಎಸ್‌ಎಂಯು ಫುಟ್‌ಬಾಲ್ ತಂಡಕ್ಕೆ ಎನ್‌ಸಿಎಎ ಮರಣದಂಡನೆ ವಿಧಿಸಿತು. ಉತ್ಪ್ರೇಕ್ಷೆಯಲ್ಲ, ಆ ಶಿಕ್ಷೆಯನ್ನು ಅಲ್ಲಿ ಕರೆಯುವುದೇ ಹಾಗೆ. ಒಂದು ಇಡೀ ಋತು ರದ್ದು. ಅಪರಾಧವೇನು? ದಾನಿಗಳ ಗುಪ್ತನಿಧಿಯಿಂದ 13 ಹುಡುಗರಿಗೆ ಒಟ್ಟು 61,000 ಡಾಲರ್ ಹಂಚಿದ್ದರು. ತಿಂಗಳಿಗೆ ಒಬ್ಬನಿಗೆ 50, ಇನ್ನೊಬ್ಬನಿಗೆ 725, ಅಂಥ ಲೆಕ್ಕ. ಮರುತಿಂಗಳು ಹೊಸ ಗವರ್ನರ್ ಪತ್ರಕರ್ತರ ಮುಂದೆ ನಿಂತು, ಹಣ ಹಂಚುವುದು ಮುಂದುವರಿಯಲಿ ಎಂದು ತೀರ್ಮಾನಿಸಿದವರಲ್ಲಿ ತಾವೂ ಒಬ್ಬರು ಎಂದು ಒಪ್ಪಿಕೊಂಡರು. ಹುಡುಗರಿಗೆ ಮಾತು ಕೊಟ್ಟಾಗಿತ್ತು, ಮೆಲ್ಲಗೆ ನಿಲ್ಲಿಸೋಣ ಎಂದುಕೊಂಡಿದ್ದರಂತೆ. ತಂಡ ಸತ್ತಿತು. ಗವರ್ನರ್ ಪೂರ್ತಿ ಅವಧಿ ಆಳಿದರು. ಅಂಕ ಬೇಕೆಂದವನು ಮನೆಗೆ, ಹಣ ಹಂಚಿ ಎಂದವನು ಗಾದಿಗೆ! ಟೆಕ್ಸಸ್ ಮತದಾರರ ವಿವೇಕವನ್ನು ಕರ್ನಾಟಕದಿಂದ ಟೀಕಿಸುವ ಧೈರ್ಯ ನನಗಿಲ್ಲ.

ಪಾಸಿನ ಕಾನೂನು ಸಾಯಲಿಲ್ಲ, ಅದು ಕೋರ್ಟಿಗೆ ಹೋಯಿತು. 1988ರಲ್ಲಿ ಡಾಲಸ್‌ನ ಕಾರ್ಟರ್ ಹೈಸ್ಕೂಲಿನ ಒಬ್ಬ ಆಟಗಾರನ ಆಲ್ಜೀಬ್ರಾ ಅಂಕ 70 ದಾಟಿತೋ ಇಲ್ಲವೋ ಎಂಬುದನ್ನು ಮೇಷ್ಟ್ರು, ಹೆಡ್‌ಮಾಸ್ಟರು, ಶಿಕ್ಷಣ ಇಲಾಖೆ ದಾಟಿಸಿ ನ್ಯಾಯಾಧೀಶರ ಎದುರಿಗೆ ಇಟ್ಟರು. ಅವರು ಕೂಡಿ ಕಳೆಯುತ್ತಿದ್ದಾಗ ಇತ್ತ ಕಾರ್ಟರ್ ತಂಡ ಆಡುತ್ತಲೇ ಹೋಗಿ ರಾಜ್ಯ ಪ್ರಶಸ್ತಿ ಗೆದ್ದಿತು. ಆಮೇಲೆ ಅದನ್ನು ಕಿತ್ತುಕೊಂಡರು. ಆ ವರ್ಷ ಟೆಕ್ಸಸ್‌ನಲ್ಲಿ ಆಲ್ಜೀಬ್ರಾಕ್ಕೆ ಸಿಕ್ಕ ಗೌರವ ಇಲ್ಲಿ ರಾಮಾನುಜನ್ ಜಯಂತಿಗೂ ಸಿಗುವುದಿಲ್ಲ. ದೊಡ್ಡ ಶಾಲೆಗಳ ಫುಟ್‌ಬಾಲ್ ಕೋಚ್‌ಗೆ ಈಗ ವರ್ಷಕ್ಕೆ ಲಕ್ಷ ಡಾಲರಿಗೂ ಹೆಚ್ಚು ಸಂಬಳ. ಆಲ್ಜೀಬ್ರಾ ಮೇಷ್ಟ್ರ ಸಂಬಳ ಕೇಳಬೇಡಿ, ಅದೂ ಇಲ್ಲಿನಂತೆಯೇ.

ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗರು ಅಮೆರಿಕದಲ್ಲಿ ಸುಮಾರು 10 ಲಕ್ಷ. ಕಾಲೇಜು ತಂಡ ಸೇರುವವರು ನೂರಕ್ಕೆ ಏಳು. ಟಿವಿಯಲ್ಲಿ ಕಾಣುವ ಮೇಲ್ದರ್ಜೆಗೆ ಮೂರರ ಆಸುಪಾಸು. ಆ ಮೂವರನ್ನು ಹುಡುಕಲು ಕಾಲೇಜು ಕೋಚ್‌ಗಳು ದೇಶ ಸುತ್ತುತ್ತಾರೆ. ಇದಕ್ಕೊಂದು ಪಂಚಾಂಗವೇ ಇದೆ: ಇಂಥ ವಾರ ಮಾತಾಡಬಹುದು, ಇಂಥ ವಾರ ನೋಡಬಹುದು, ಇಂಥ ವಾರ ಮುಖಕ್ಕೆ ಮುಖ ಕೊಡುವಂತಿಲ್ಲ. ನೋಡಬಹುದಾದ, ಮಾತಾಡಬಾರದ ವಾರದಲ್ಲಿ ಏನಾಗುತ್ತದೆಂದರೆ, ಕೋಟ್ಯಧೀಶ ಕೋಚ್ ಒಬ್ಬ ಶಾಲೆಯ ಓಣಿಯಲ್ಲಿ ಲಾಕರಿಗೆ ಒರಗಿ ನಿಂತಿರುತ್ತಾನೆ. ಮೈಮೇಲಿನ ಅಂಗಿಯಲ್ಲಿ ಕಾಲೇಜಿನ ಲಾಂಛನ ದೂರಕ್ಕೇ ಕಾಣುತ್ತದೆ. ಅದೇ ಗಳಿಗೆಗೆ ಹುಡುಗನಿಗೆ ಶೌಚಾಲಯಕ್ಕೆ ಹೋಗಲು ಮೇಷ್ಟ್ರು ಬಿಟ್ಟಿರುತ್ತಾರೆ. ಇಬ್ಬರೂ ಆಕಸ್ಮಿಕವಾಗಿ ಎದುರಾಗುತ್ತಾರೆ. "ಹಲೋ" ಅಂದರೆ ನಿಯಮಬದ್ಧ. "ಹೇಗಿದ್ದೀಯಪ್ಪಾ, ಮನೇಲಿ ಅಮ್ಮ ಹೇಗಿದ್ದಾರೆ" ಅಂದರೆ ನಿಯಮಭಂಗ. ಇಂಥ ಆಕಸ್ಮಿಕಗಳು ಅತಿಯಾದಾಗ 2008ರಲ್ಲಿ ಮುಖ್ಯ ಕೋಚ್‌ಗಳು ವಸಂತದಲ್ಲಿ ಬೀದಿಗಿಳಿಯಲೇಬಾರದೆಂದು ಕಟ್ಟು ಮಾಡಿದರು. ಆಗ ಅಲಬಾಮಾದ ಕೋಚ್ ಆಗಿದ್ದ ನಿಕ್ ಸೇಬನ್ ಹೆಸರಿನಲ್ಲೇ ಆ ನಿಯಮ ಪ್ರಸಿದ್ಧ. ಸೇಬನ್ ಆಫೀಸಿನಲ್ಲೇ ಕೂತು ವಿಡಿಯೊ ಕರೆ ಶುರುಮಾಡಿದರು.

2010ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಚ್ ಲೇನ್ ಕಿಫಿನ್, ಡೇವಿಡ್ ಸಿಲ್ಸ್ ಎಂಬ ಹುಡುಗನಿಗೆ ಸೀಟು ಕೊಡುವುದಾಗಿ ಮಾತು ಕೊಟ್ಟರು. ಹುಡುಗನೂ ಒಪ್ಪಿದ. ಅವನಿಗಾಗ 13 ವರ್ಷ, ಏಳನೇ ಕ್ಲಾಸು. ಅವನು ಕಾಲೇಜಿಗೆ ಬರುವಷ್ಟರಲ್ಲಿ ಕಿಫಿನ್‌ಗೆ ಕೆಲಸ ಹೋಗಿತ್ತು. ಹುಡುಗ ಆ ಕಾಲೇಜಿಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಬಾಯಿಮಾತಿನ ಆಫರ್ ಹಾಗೆಯೇ. ತಂಡವೊಂದಕ್ಕೆ ಬಹುಕಾಲ 85 ವಿದ್ಯಾರ್ಥಿವೇತನಗಳ ಮಿತಿಯಿತ್ತು, ಆಫರ್ ಮಾತ್ರ ನೂರಾರು ಹುಡುಗರಿಗೆ. ನಮ್ಮಲ್ಲಿ ಟಿಕೆಟ್ ಆಕಾಂಕ್ಷಿಗಳಿಗೆ ಹೈಕಮಾಂಡ್ ಕೊಡುವ ಭರವಸೆ ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ.

ಸಹಿ ಹಾಕುವ ದಿನವಂತೂ ಜಾತ್ರೆ. ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜುಗಳ ಟೋಪಿ, ಹಿಂದೆ ಅಪ್ಪ ಅಮ್ಮ, ಎದುರಿಗೆ ಕ್ಯಾಮೆರಾ. ಹುಡುಗ ಒಂದು ಟೋಪಿ ಎತ್ತಿಕೊಂಡ ಕೂಡಲೇ ಕೇಕೆ. 2008ರಲ್ಲಿ ನೆವಾಡಾದ ಸಣ್ಣ ಊರಿನ ಹುಡುಗನೊಬ್ಬ ಇಡೀ ಶಾಲೆಯನ್ನು ಜಿಮ್ನೇಷಿಯಂನಲ್ಲಿ ಕೂರಿಸಿ ಹೀಗೆಯೇ ಟೋಪಿ ಎತ್ತಿದ. ಆಮೇಲೆ ತಿಳಿಯಿತು, ಯಾವ ಕಾಲೇಜೂ ಅವನನ್ನು ಕರೆದಿರಲಿಲ್ಲ. ಎಲ್ಲ ಅವನೇ ಕಟ್ಟಿದ ಕತೆ. ಅವನನ್ನು ನೋಡಿ ನಗಲು ನನಗೆ ಮನಸ್ಸು ಬರುವುದಿಲ್ಲ; ಆ ವಯಸ್ಸಿನ ಹುಡುಗನಿಗೆ ಊರು ಚಪ್ಪಾಳೆ ತಟ್ಟುವ ದಾರಿ ಅದೊಂದೇ ಇತ್ತು.

ನಗಬೇಕಾದದ್ದು ದೊಡ್ಡವರನ್ನು ನೋಡಿ. 2021ರ ಆಗಸ್ಟಿನಲ್ಲಿ ಇಎಸ್‌ಪಿಎನ್ ವಾಹಿನಿ ಒಂದು ಹೈಸ್ಕೂಲ್ ಪಂದ್ಯವನ್ನು ದೇಶಕ್ಕೆಲ್ಲ ತೋರಿಸಿತು. ಫ್ಲಾರಿಡಾದ ಐಎಂಜಿ ಅಕಾಡೆಮಿ 58, ಒಹಾಯೊದ ಬಿಷಪ್ ಸಿಕಮೋರ್ ಸೊನ್ನೆ. ಸೋತವರು ಎರಡೇ ದಿನದ ಹಿಂದೆ ಇನ್ನೊಂದು ಪಂದ್ಯ ಆಡಿ ಬಂದಿದ್ದರು. ಈ ತಂಡದಲ್ಲಿ ದೊಡ್ಡ ಕಾಲೇಜುಗಳು ಕಣ್ಣಿಟ್ಟ ಹುಡುಗರಿದ್ದಾರೆ ಅಂದರಲ್ಲ, ಒಬ್ಬನ ಹೆಸರೂ ಸಿಗುತ್ತಿಲ್ಲವಲ್ಲ ಎಂದು ವೀಕ್ಷಕ ವಿವರಣೆಗಾರರೇ ನೇರಪ್ರಸಾರದಲ್ಲಿ ತಡವರಿಸಿದರು. ಹುಡುಕಿದರೆ ಶಾಲೆಯೇ ಇಲ್ಲ. ಒಹಾಯೊ ಶಿಕ್ಷಣ ಇಲಾಖೆ ತನಿಖೆ ಮಾಡಿ ಅದನ್ನು ಮೋಸವೆಂದು ಬರೆಯಿತು. ಕ್ಲಾಸು, ಮೇಷ್ಟ್ರು, ಆಲ್ಜೀಬ್ರಾ ಎಂಬ ಅಡ್ಡಿಗಳನ್ನೆಲ್ಲ ಕಳೆದು ಬರಿಯ ಫುಟ್‌ಬಾಲ್ ಉಳಿಸಿಕೊಂಡ ಶಾಲೆ ಅದು. ಉಳಿದವರೆಲ್ಲ ಹೋಗುತ್ತಿದ್ದ ದಾರಿಯಲ್ಲೇ ಸ್ವಲ್ಪ ಬೇಗ ತಲುಪಿತ್ತು, ಅಷ್ಟೆ.

2021ರ ಜುಲೈ 1ರಿಂದ ಮಡಿಯ ಕಟ್ಟಳೆ ಸಡಿಲಾಯಿತು. ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಮಾರಿ ಸಂಪಾದಿಸಬಹುದು. ಟೆಕ್ಸಸ್‌ನ ಹೈಸ್ಕೂಲ್ ಹುಡುಗರಿಗೆ ಮಾತ್ರ ಆಗ ಹಳೆಯ ಮಡಿಯೇ. ಅದಕ್ಕೇ ಸೌತ್‌ಲೇಕ್‌ನ ಕ್ವಿನ್ ಯೂವರ್ಸ್ ಎಂಬ ಆಟಗಾರ ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಓಡಿದ. ಪತ್ರಿಕೆಗಳ ಪ್ರಕಾರ ಅವನಿಗೆ ದಕ್ಕಿದ್ದು 14 ಲಕ್ಷ ಡಾಲರಿನ ಒಪ್ಪಂದ. ಆ ವರ್ಷ ಅವನು ಮೈದಾನದಲ್ಲಿ ಚೆಂಡು ಮುಟ್ಟಿದ್ದು ಎರಡು ಸಲ, ಎರಡು ಸಲವೂ ಪಕ್ಕದವನ ಕೈಗೆ ಕೊಟ್ಟ. ಆಮೇಲೆ ಟೆಕ್ಸಸ್‌ಗೇ ವಾಪಸು ಬಂದ.

ಹುಡುಗರ ಕೈಗೆ ದುಡ್ಡು ಬಂದದ್ದೇ, ಆಟದ ಆತ್ಮ ಹೋಯಿತೆಂದು ಕೋಚ್‌ಗಳು ಕಣ್ಣೀರಿಡತೊಡಗಿದರು. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ತೆಗೆದುಹಾಕಿತು. ಇನ್ನು ಮುಂದೆ ಕೆಲಸ ಮಾಡದೆ ಇರುವುದಕ್ಕೆ ಅವರಿಗೆ ಸಲ್ಲಬೇಕಾದದ್ದು ಸುಮಾರು 7.6 ಕೋಟಿ ಡಾಲರ್. ಅಲನ್ ಕ್ರೀಡಾಂಗಣ ಕಟ್ಟಿ, ಬಿರುಕು ಮುಚ್ಚಿ, ಮಿಗಬಹುದಾದಷ್ಟು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂಬ ಗಾದೆ ಆ ಕಡೆ ನಡೆಯುವುದಿಲ್ಲ. ಅಲ್ಲಿ ಅಡಿಕೆಯವನಿಗೆ ಮರಣದಂಡನೆ, ಆನೆಯವನಿಗೆ ಒಪ್ಪಂದಪತ್ರ.

ಆ 61,000 ಡಾಲರಿಗೆ ಸತ್ತಿದ್ದ ಎಸ್‌ಎಂಯು ಈಗ ಚೇತರಿಸಿಕೊಂಡಿದೆ. ದೊಡ್ಡ ಲೀಗ್ ಒಂದನ್ನು ಸೇರಿಕೊಳ್ಳಲು ಒಂಬತ್ತು ವರ್ಷ ಟಿವಿ ಹಣವೇ ಬೇಡವೆಂದು ಬರೆದುಕೊಟ್ಟಿತು. 2023ರಲ್ಲಿ ಅದರ ದಾನಿಗಳು ಒಂದು ವಾರ ತುಂಬುವುದರೊಳಗೆ 10 ಕೋಟಿ ಡಾಲರ್ ಕೂಡಿಸಿದರು. ಈ ಸಲ ಗುಪ್ತನಿಧಿಯಲ್ಲ, ಪತ್ರಿಕಾ ಪ್ರಕಟಣೆ ಕೊಟ್ಟೇ. 2024ರ ಡಿಸೆಂಬರಿನಲ್ಲಿ ತಂಡ ರಾಷ್ಟ್ರೀಯ ಪ್ಲೇಆಫ್‌ಗೂ ಏರಿತು, ಮೊದಲ ಪಂದ್ಯದಲ್ಲೇ ಪೆನ್ ಸ್ಟೇಟ್ ಕೈಲಿ 38-10ಕ್ಕೆ ಸೋತಿತು. ಹತ್ತು ಕೋಟಿ ಸಾಲಲಿಲ್ಲ ಅಂತ ಕಾಣುತ್ತದೆ. ದಾನಿಗಳಿಗೆ ಮತ್ತೆ ಫೋನು ಹೋಗಿರಬೇಕು.