ತಿಪ್ಪೆಯ ದಿಗ್ವಿಜಯ

ಜಗತ್ತಿನ ಸಕಲ ಶಬ್ದಗಳೂ ಯಾವುದೋ ಒಂದೇ ಊರಿನಿಂದ ಹೊರಟಿರಬೇಕು ಎಂಬುದು ಶಬ್ದಶಾಸ್ತ್ರದ ಮೊದಲ ನಿಯಮ. ಆ ಊರು ಬರೆಯುವವನ ಸೀಮೆಯಲ್ಲೇ ಇರಬೇಕು ಎಂಬುದು ಎರಡನೆಯದು. ಎರಡನ್ನೂ ಕಟ್ಟುನಿಟ್ಟಾಗಿ ಪಾಲಿಸಿ, ಉತ್ತರ ಯೂರೋಪಿನ ನಿಘಂಟುಗಳಿಗೆ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪವೇ ತವರು ಎಂದು ಇಲ್ಲಿ ಸಾಧಿಸಲಾಗುವುದು.

ಮೊದಲು ಮನೆಯ ಜಗಳ. ತೆಲುಗರಿಗೆ ತಿಪ್ಪ ಎಂದರೆ ದಿಬ್ಬ, ಗುಡ್ಡೆ, ಹೊಳೆ ನಡುವಿನ ಮರಳುಗಡ್ಡೆ. ಆದ್ದರಿಂದ ಭೈರವಾನಿತಿಪ್ಪ ಭೈರವನ ಗುಡ್ಡ. ನಮಗೆ ತಿಪ್ಪೆ ಎಂದರೆ ಸಗಣಿ, ಬೂದಿ, ಕಸದ ರಾಶಿ. ಆದ್ದರಿಂದ ಅದು ಭೈರವನ... ಬೇಡ, ದೇವರ ವಿಷಯ. ತೆಲುಗು ಪಂಡಿತರು ಎತ್ತರ ನೋಡಿದರು, ಕನ್ನಡ ಪಂಡಿತರು ವಾಸನೆ ನೋಡಿದರು, ರಾಶಿ ಒಂದೇ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ರಾಯದುರ್ಗ ತಾಲ್ಲೂಕನ್ನು ಆಂಧ್ರಕ್ಕೆ ಕೊಟ್ಟಾಗ ಕಚೇರಿಗಳ ಬೋರ್ಡೂ ಬಸ್ಸುಗಳ ಹಣೆಬರಹವೂ ಬದಲಾದವು. ತಿಪ್ಪೆ ಕೊನೆಯ ಸ್ವರವೊಂದನ್ನು ಬಿಟ್ಟುಕೊಟ್ಟು ಕೂತಲ್ಲೇ ಕೂತಿತು.

ತಿಪ್ಪೆ ಎಂದರೆ ಮೂಗು ಮುರಿಯುವವರು ಬಳ್ಳಾರಿ, ಅನಂತಪುರ ಸೀಮೆಯ ಬೂದಿದಿಬ್ಬಗಳನ್ನು ನೋಡಬೇಕು. ನವಶಿಲಾಯುಗದ ದನಗಾಹಿಗಳು ಗುಡ್ಡೆ ಹಾಕಿ ಸುಟ್ಟ ಸಗಣಿ ಅದು. ನಾಲ್ಕು ಸಾವಿರ ವರ್ಷ ಕಳೆದರೂ ವಿಲೇವಾರಿಯಾಗಿಲ್ಲ.

ಇನ್ನು ದಿಗ್ವಿಜಯ. ಎಸ್ಟೋನಿಯಾದಲ್ಲಿ 'ತಿಪ್' ಎಂದರೆ ಶಿಖರ: ತೆಲುಗು ಶಾಖೆ. ಸ್ವೀಡನ್ನಿನಲ್ಲಿ 'ಸೂಪ್‌ತಿಪ್' ಎಂದರೆ ಊರ ಕಸ ಸುರಿಯುವ ಜಾಗ: ಅಪ್ಪಟ ಕನ್ನಡ ಶಾಖೆ. ಅದೇ ಸ್ವೀಡನ್ನಿನಲ್ಲಿ 'ತಿಪ್ಪ' ಎಂದರೆ ಮಗುಚು. ತೆಲುಗಿನ 'ತಿಪ್ಪು' ಎಂದರೆ ತಿರುಗಿಸು. ನಾವು ಹಾಕುವುದು ತಿಪ್ಪರಲಾಗ. ನಾರ್ವೆಯಲ್ಲಿ 'ತಿಪ್ಪೆ' ಎಂದರೆ ಊಹಿಸು, ಪಣ ಕಟ್ಟು. ಅಲ್ಲಿನ ಸರ್ಕಾರಿ ಲಾಟರಿ ಕಂಪನಿಯ ಹೆಸರೇ ನಾರ್ಸ್ಕ್ ತಿಪ್ಪಿಂಗ್. ಬಹುಮಾನ ಬಾರದ ಚೀಟಿ ಕೊನೆಗೆ ಎಲ್ಲಿ ಬೀಳುತ್ತದೆ ಎಂದು ಬಲ್ಲವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೂ ಒಪ್ಪದವರಿಗೆ ಬ್ರಹ್ಮಾಸ್ತ್ರ. ನಾರ್ವೆಯಲ್ಲಿ ಮುತ್ತಜ್ಜ 'ಓಲ್ದೆಫಾರ್'. ಅವನ ಅಪ್ಪ 'ತಿಪ್‌ಓಲ್ದೆಫಾರ್'. ಅವನಪ್ಪನಿಗೆ ಇನ್ನೊಂದು ತಿಪ್. ಹಿಂದೆ ಹೋದಷ್ಟೂ ಆ ವಂಶದಲ್ಲಿ ಬರೀ ತಿಪ್ಪಜ್ಜಂದಿರು! ನಮ್ಮಲ್ಲಿ ಹುಟ್ಟಿದ ಮಕ್ಕಳು ನಿಲ್ಲದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಯಮ ಮುಟ್ಟದಿರಲಿ ಎಂದು ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ತಿಪ್ಪೇಸ್ವಾಮಿಗಳಿಗೆ ಬರವಿಲ್ಲ. ಇವರಲ್ಲೊಬ್ಬ ಹಗರಿ ಹಿಡಿದು ತುಂಗಭದ್ರೆ, ಅಲ್ಲಿಂದ ಕೃಷ್ಣೆ, ಕಡಲು ದಾಟಿ ಓಸ್ಲೋ ಸೇರಿರಬೇಕು. ದಾಖಲೆ ಸಿಕ್ಕಿಲ್ಲ. ಸಿಗದಿರುವುದೇ ಘಟನೆಯ ಪ್ರಾಚೀನತೆಗೆ ಸಾಕ್ಷಿ.

ಉಚ್ಚಾರಣೆಯೂ ನಮ್ಮ ಪರ. ಸ್ವೀಡನ್, ಫಿನ್ಲೆಂಡಿನವರು ನಮ್ಮ ಹಾಗೇ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ತಕಾರ ನುಡಿಯುತ್ತಾರೆ. ಹಲ್ಲು ಕಟಕಟಿಸುವ ಆ ಚಳಿಯಲ್ಲೂ ದಂತ್ಯವನ್ನು ಕಾಪಾಡಿಕೊಂಡದ್ದು ಸಣ್ಣ ಮಾತಲ್ಲ. ಇಂಗ್ಲಿಷರು ಮಾತ್ರ, ನಮ್ಮಿಂದ ಒಯ್ದುದನ್ನೆಲ್ಲ ಕೆಡಿಸುವ ಅಭ್ಯಾಸದಂತೆ, ತಮ್ಮ ಕಸದ ಗುಂಡಿಯನ್ನು 'ಟಿಪ್' ಎಂದುಬಿಟ್ಟರು.

ನಗುವವರು ನಗಲಿ. ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಇರುವ ಬಳಗಕ್ಕೂ ನೆಂಟಸ್ತಿಕೆ ಉಂಟೆಂದು 1856ರಲ್ಲೇ ಕಾಲ್ಡ್‌ವೆಲ್ ಸಾಹೇಬರು ವಾದಿಸಿದ್ದರು. ಅವರನ್ನು ಯಾರೂ ನಕ್ಕು ಕಳಿಸಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂದು ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಪಟ್ಟು ಹಿಡಿದರು. ಅದು ಕನ್ನಡ ಹೌದೋ ಅಲ್ಲವೋ, ವಿದ್ವಾಂಸರು ಇನ್ನೂ ಜಗಳಾಡಲಿ. ಆ ಪಪೈರಸ್ ಸಿಕ್ಕಿದ್ದು ಎಲ್ಲಿ? ಹಳೆಯ ಪಟ್ಟಣದ ಕಸದ ದಿಬ್ಬಗಳಲ್ಲಿ. ಅಂದರೆ ತಿಪ್ಪೆಯಲ್ಲಿ. ಸಂಶೋಧನೆ ಎಂದರೆ ತಿಪ್ಪೆ ಕೆದಕುವುದು, ಪ್ರಬಂಧ ಎಂದರೆ ತಿಪ್ಪೆ ಸಾರಿಸುವುದು.

ಉಳಿದದ್ದು ಫಿನ್ನಿಷ್. ಅಲ್ಲಿ 'ತಿಪ್ಪ' ಎಂದರೆ ಗುಡ್ಡವೂ ಅಲ್ಲ, ಕಸವೂ ಅಲ್ಲ. ತೊಟ್ಟು, ಒಂದು ಹನಿ. ಇದು ದಾರಿ ತಪ್ಪಿದ ಅರ್ಥವೆಂದು ತಳ್ಳಿಹಾಕುವವನಿದ್ದೆ. ಆಮೇಲೆ ಬಿ.ಟಿ. ಪ್ರಾಜೆಕ್ಟು ನೆನಪಾಯಿತು. ಭೈರವಾನಿತಿಪ್ಪದಲ್ಲಿ ಹಗರಿಗೆ ಅಡ್ಡಲಾಗಿ ಅಣೆಕಟ್ಟು ಮುಗಿದದ್ದು 1961ರಲ್ಲಿ. ಅದೇ ಹೊಳೆಗೆ ಮೇಲ್ಗಡೆ, ಹಿರಿಯೂರಿನ ಹತ್ತಿರ, ಮಾರಿಕಣಿವೆ ಕಟ್ಟೆ 1907ರಿಂದ ಕೂತಿದೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವಿನ 89 ವರ್ಷ ಮೇಲಿನಿಂದ ಕೋಡಿಯ ನೀರು ಒಂದು ತಿಪ್ಪವೂ ಇಳಿಯಲಿಲ್ಲ. ಇಲ್ಲಿ ತಿಪ್ಪ ಎಂಬುದನ್ನು ಫಿನ್ನಿಷ್ ಅರ್ಥದಲ್ಲೇ ಓದಿಕೊಳ್ಳಬೇಕು. 2022ರ ನೆರೆಯಲ್ಲಿ ಈ ಸಿದ್ಧಾಂತ ಕೊಂಚ ತೇಲಾಡಿದ್ದು ನಿಜ. ಶಾಸ್ತ್ರದಲ್ಲಿ ಅದನ್ನು ಅಪವಾದ ಎನ್ನುತ್ತಾರೆ.

ಆಕ್ಷೇಪಣೆಯುಳ್ಳ ವಿದ್ವಾಂಸರು ಹೆಲ್ಸಿಂಕಿಗೆ ಕಾಗದ ಬರೆಯುವ ಮೊದಲು, ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಒಮ್ಮೆ ರಾಯದುರ್ಗದ ಕಡೆ ಬಂದು, ಕಟ್ಟೆಯ ಮೇಲೆ ನಿಂತು, ಮೂರು ಅರ್ಥಗಳಲ್ಲಿ ಯಾವುದು ಸರಿ ಎಂದು ಕಣ್ಣಾರೆ ಪರಿಶೀಲಿಸಬೇಕಾಗಿ ವಿನಂತಿ. ಕುಡಿಯುವ ನೀರು ತಾವೇ ತರತಕ್ಕದ್ದು.